ಬೆಂಜೋದ ಅಸ್ತರ

ಹಾಡು ಶುರುವಾಗುವ ಮೊದಲೇ ನಮ್ಮ ಯಜಮಾನರ ಬೆಂಜೋ ಗುಂಯ್ ಅನ್ನುತ್ತಿತ್ತು. ಸ್ಪೀಕರಿಗೆ ವೈರು ಸಿಕ್ಕಿಸಿದ್ದೇ ತಡ, ಜೇನು ಎದ್ದ ಹಾಗೆ ಶುರು. ತಂತಿಗಳ ಮೇಲೆ ಅಂಗೈ ಇಟ್ಟರೆ ತುಸು ತಗ್ಗುತ್ತಿತ್ತು. ಆದರೆ ಕೈ ಇಟ್ಟುಕೊಂಡೇ ಕೂತರೆ ನುಡಿಸುವವರು ಯಾರು?

ನಮ್ಮದು ದಿಗ್ಗೇವಾಡಿ. ಯಜಮಾನರು ಸೀಜನ್ನಿನಲ್ಲಿ ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿಕೊಂಡು ಕಬ್ಬು ಸಾಗಿಸುತ್ತಾರೆ, ನಾನು ಮನೆಯಲ್ಲಿ ಬ್ಲೌಸು ಹೊಲಿಯುತ್ತೇನೆ. ಸೋಮವಾರ ಸಂಜೆ ಗುಡಿಯಲ್ಲಿ ಭಜನೆ, ಅಲ್ಲಿ ಇವರ ಬೆಂಜೋ. ಉದ್ದನೆಯ ಮರದ ಪೆಟ್ಟಿಗೆ, ಅದರ ಮೇಲೆ ತಂತಿ, ತಂತಿ ಒತ್ತಲು ಟೈಪಿಂಗ್ ಮಷಿನ್ನಿನಂಥ ಬಟನ್ನು. ಎಡಗೈಯಿಂದ ಬಟನ್ ಒತ್ತುತ್ತ ಬಲಗೈಯಿಂದ ಮೀಟುವಾಗ ಈ ಮನುಷ್ಯನ ಮುಖ ನೋಡಬೇಕು. ದಿನವಿಡೀ ಇಂಜಿನ್ನಿನ ಜೊತೆ ಪೈಪೋಟಿಗೆ ಬಿದ್ದು ಕಿರುಚುವವರು ಅಲ್ಲಿ ಮೆತ್ತಗಾಗಿಬಿಡುತ್ತಾರೆ. ಆ ಮುಖ ನನಗೆ ಬಹಳ ಇಷ್ಟ, ಹೇಳಿಕೊಳ್ಳಲು ನಾಚಿಕೆ ಏನಿಲ್ಲ.

ಗುಡಿಗೆ ಹೊಸ ಎಲ್‌ಇಡಿ ದೀಪ ಹಾಕಿಸಿದ ಮೇಲೆ ಗುಂಯ್ ಇನ್ನೂ ಜೋರಾಯಿತು. ತಾಳ ಹಾಕುವ ಹಿರಿಯರು ಒಂದು ಸೋಮವಾರ ಎಲ್ಲರೆದುರಿಗೇ ಅಂದರು, "ತಮ್ಮಾ, ದೇವರ ಹೆಸರಕಿಂತಾ ನಿನ್ನ ಪೆಟಗಿ ದನೀನ ಜಾಸ್ತಿ ಕೇಳತೈತಿ." ಎಲ್ಲರೂ ನಕ್ಕರು, ಇವರೂ ನಕ್ಕರು. ಮನೆಗೆ ಬಂದವರೇ ಬೆಂಜೋಗೆ ಹಳೇ ಧೋತರ ಸುತ್ತಿ ಅಟ್ಟದ ಮೇಲಿಡಲು ಹೊರಟರು.

"ಸಾಕಾತು. ಆ ಗುಂಯ್ ಮಲಗಿದ್ರೂ ಕಿವ್ಯಾಗ ಕುಂತಿರತೈತಿ, ಟ್ರ್ಯಾಕ್ಟರ್ ಬಂದ್ ಮಾಡಿದ್ರೂ ಐತಿ. ಈ ಪೆಟಗೀನ ತಲಿಗೆ ಹತ್ತೇತಿ. ಗುಂಯ್ ಹೋದ್ರ ಬಾರಸ್ತೀನಿ, ಇಲ್ಲಂದ್ರ ಯಾರಿಗ್ಯಾರ ಕೊಟ್ಟಬಿಡ್ತೀನಿ."

"ಕೊಡೂದು ಆಮ್ಯಾಲ. ಮೊದಲ ಅದನ್ನ ಕೆಳಗ ಇಡ್ರಿ," ಅಂದೆ.

ನನಗೆ ಸಿಟ್ಟು ಬರುವುದು ಬೇಗ. ಯಾರ ಮೇಲೆ ಅನ್ನುವುದು ಆಮೇಲೆ ಗೊತ್ತಾಗುತ್ತದೆ. ಆ ದಿನ ಬೆಂಜೋ ಮೇಲೆಯೇ ಬಂತು. ಮೊಬೈಲಿನಲ್ಲಿ ಹುಡುಕಿದೆ. ಮರಾಠಿಯವನೊಬ್ಬ ವೀಡಿಯೋದಲ್ಲಿ ಹೇಳುತ್ತಿದ್ದ: ಸುತ್ತಲಿನ ಕರೆಂಟಿನ ಗದ್ದಲ ಪೆಟ್ಟಿಗೆಯೊಳಗಿನ ವೈರುಗಳಿಗೆ ತಾಕುತ್ತದೆ, ಅದಕ್ಕೇ ಒಳಗೆಲ್ಲ ತಾಮ್ರದ ಹಾಳೆಯ ಅಸ್ತರ ಹಾಕಿ ಅದನ್ನು ಅರ್ಥಿಂಗ್ ವೈರಿಗೆ ಜೋಡಿಸಬೇಕು. ಅಸ್ತರ! ಊರಿನ ಅರ್ಧ ಹೆಂಗಸರ ಬ್ಲೌಸಿಗೆ ಒಳಬಟ್ಟೆಯ ಅಸ್ತರ ಹಾಕಿದವಳಿಗೆ ಇವನೇನು ಕಲಿಸುತ್ತಾನೆ ಅಂದುಕೊಂಡು ಅಷ್ಟಕ್ಕೇ ಬಂದ್ ಮಾಡಿದೆ.

ಹಿಂಬದಿಗೆ ಅಂಟು ಇರುವ ತಾಮ್ರದ ಪಟ್ಟಿ ರಾಯಬಾಗದಲ್ಲಿ ಸಿಗಲಿಲ್ಲ, ಚಿಕ್ಕೋಡಿಯಲ್ಲಿ ಸಿಕ್ಕಿತು. ಬೆಂಜೋದ ತಳದ ಸ್ಕ್ರೂ ಬಿಚ್ಚಿ, ಹಳೇ ಪೇಪರಿನಲ್ಲಿ ಅಳತೆ ಕತ್ತರಿಸಿಕೊಂಡು, ಒಂದು ಪಟ್ಟಿಯ ಅಂಚಿನ ಮೇಲೆ ಇನ್ನೊಂದನ್ನು ಚೂರು ಏರಿಸಿ ಒಳಗೆಲ್ಲ ಅಂಟಿಸಿದೆ. ಎಲ್ಲೂ ಒಂದು ಸುಕ್ಕಿಲ್ಲ. ಅರ್ಥಿಂಗ್ ವೈರನ್ನು ಒಂದು ಪಟ್ಟಿಗೆ ಇವರೇ ಬೆಸುಗೆ ಹಾಕಿದರು. ಸ್ಪೀಕರ್ ಹಚ್ಚಿದರೆ ಗುಂಯ್ ಇದ್ದ ಹಾಗೇ ಇತ್ತು.

"ಭಾಳ ಚಂದ ಆತು. ಇಷ್ಟ ದಿನ ಹಂಗ ಅಂತಿತ್ತು, ಈಗ ಅಸ್ತರ ಹಾಕ್ಕೊಂಡ ಅಂತೈತಿ," ಅಂದರು.

ಮತ್ತೆ ಆ ವೀಡಿಯೋ ತೆಗೆದು ಪೂರ್ತಿ ನೋಡಿದೆ. ಈ ಅಂಟಿನಲ್ಲಿ ಕರೆಂಟು ಹರಿಯುವುದಿಲ್ಲ, ತಾಮ್ರಕ್ಕೆ ತಾಮ್ರವೇ ಮುಟ್ಟಬೇಕು ಅನ್ನುವ ಮಾತು ಕೊನೆಯಲ್ಲಿತ್ತು. ನನ್ನ ಪಟ್ಟಿಗಳ ನಡುವೆ ಅಂಟು ಕೂತಿತ್ತು. ಅರ್ಥಿಂಗ್ ಸಿಕ್ಕಿದ್ದು ಒಂದೇ ಪಟ್ಟಿಗೆ, ಉಳಿದವು ಸುಮ್ಮನೆ ಹೊಳೆಯುತ್ತಿದ್ದವು. ಎಲ್ಲ ಕಿತ್ತು ಹಾಕಿದೆ. ಈ ಸಲ ಪ್ರತಿ ಪಟ್ಟಿಯ ಅಂಚನ್ನು ಬ್ಲೌಸಿನ ತೋಳಿನ ಅಂಚಿನ ಹಾಗೆ ಒಳಗೆ ಮಡಚಿದೆ. ಅಂಟಿಗೆ ಅಂಟು ಕೂಡಿತು, ತಾಮ್ರ ಕೆಳಗಿನ ತಾಮ್ರಕ್ಕೆ ತಾಗಿತು. ದಿನಾ ಮಾಡುವ ಕೆಲಸ ಮೊದಲೇ ಹೊಳೆಯಲಿಲ್ಲವಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು.

ಸ್ಕ್ರೂ ಬಿಗಿದು ಸ್ಪೀಕರ್ ಹಚ್ಚಿದೆವು. ಹಿತ್ತಲಲ್ಲಿ ಎಮ್ಮೆ ಬಾಲ ಬೀಸಿದ್ದು ಕೇಳಿಸಿತು.

"ಹೋತ್ರಿ! ಹೋತ ನೋಡ್ರಿ!" ಅಂತ ಕುಣಿದೇಬಿಟ್ಟೆ.

ಅವರು ಸ್ಪೀಕರಿಗೆ ಕಿವಿ ಹಚ್ಚಿದರು. "ಎಲ್ಲಿ ಹೋಗೇತಿ? ಐತಲ್ಲ."

ಚೇಷ್ಟೆ ಮಾಡುತ್ತಿದ್ದಾರೆ ಅಂದುಕೊಂಡೆ. ಅವರು ಬೆಂಜೋದ ವೈರು ಕಿತ್ತರು, ಕತ್ತು ವಾರೆ ಮಾಡಿ ಕೇಳಿದರು. ಆಮೇಲೆ ಗೋಡೆಯಿಂದ ಸ್ಪೀಕರಿನ ಪ್ಲಗ್ಗನ್ನೂ ಕಿತ್ತರು. ಪ್ಲಗ್ಗು ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಖ ನೋಡಿದರು.

"ಇನ್ನೂ ಐತಿ," ಅಂದರು.

ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಇಷ್ಟು ವರ್ಷ ಟ್ರ್ಯಾಕ್ಟರಿನ ಮೇಲೆ ಕೂತ ಕಿವಿ. ಬೆಂಜೋಗೆ ಒಂದು ಗುಂಯ್ ಇತ್ತು, ಇವರಿಗೆ ಇನ್ನೊಂದು ಇತ್ತು, ನಾವು ಎರಡನ್ನೂ ಪೆಟ್ಟಿಗೆಯ ಮೇಲೇ ಹೊರಿಸಿದ್ದೆವು. ಮಿರಜಿನ ಕಿವಿ ಡಾಕ್ಟರು ಆಮೇಲೆ ಹೇಳಿದ್ದೂ ಇದನ್ನೇ: ಪೂರ್ತಿ ಹೋಗುವುದು ಕಷ್ಟ, ಇಂಜಿನ್ನಿನ ಹತ್ತಿರ ಕಿವಿ ಮುಚ್ಚಿಕೊಂಡಿರಿ.

"ಕಿವಿಗೂ ಒಂದ್ ಅಸ್ತರ ಹಾಕಾಕ ಬರತೈತೇನ ನಿನಗ?" ಅಂದರು ಯಜಮಾನರು ಅವತ್ತು, ಪ್ಲಗ್ಗು ಕೆಳಗಿಟ್ಟು ನಗುತ್ತ. ನನಗೆ ಅಳು ಬಂತು. ಬೆಂಜೋ ಇನ್ನು ಮನೆಯಲ್ಲಿ ಉಳಿಯುವುದಿಲ್ಲ ಅಂದುಕೊಂಡೆ. ಅವರು ಅದರ ಬಟನ್ನುಗಳನ್ನು ಒಂದೊಂದಾಗಿ ಒತ್ತಿ ನೋಡಿದರು.

"ಈ ಗುಂಯ್ ಮಂದಿಗೆ ಕೇಳಂಗಿಲ್ಲ, ಹೌದಲ್ಲ? ಖರೇ ಹೇಳು."

"ಖರೇನ ಕೇಳಂಗಿಲ್ರಿ."

"ಹಂಗಾರ ಬಾರಸ್ತೀನಿ."

ಈಗ ಸೋಮವಾರ ನಾನು ಗುಡಿಯಲ್ಲಿ ಕಂಬದ ಪಕ್ಕ, ಅವರಿಗೆ ಕಾಣುವ ಹಾಗೆ ಕೂರುತ್ತೇನೆ. ವೈರು ಸಿಕ್ಕಿಸಿ ಅವರು ಮೊದಲು ನನ್ನ ಕಡೆ ನೋಡುತ್ತಾರೆ. ನಾನು ಗುಂಯ್ ಇಲ್ಲ ಅಂತ ತಲೆಯಾಡಿಸುತ್ತೇನೆ. ಆಮೇಲೆಯೇ ಅವರ ಕೈ ತಂತಿಗೆ ಹೋಗುತ್ತದೆ.