ಮೌನಪ್ಪ ತಿದ್ದಿದ ಅಚ್ಚು

“ನೆಟ್ಟಗ ಕೂಡು” ಎಂಬ ಮಾತನ್ನು ಮೂವತ್ತು ವರ್ಷ ಕೇಳಿ ಕೇಳಿ ರಾಮದುರ್ಗದ ಯಮುನಾಬಾಯಿಗೆ ವಾಕರಿಕೆ ಬಂದಿತ್ತು. ಪೋಲಿಯೋದಿಂದ ಬೆನ್ನು ಎಡಕ್ಕೆ ಬಾಗಿ, ಗಾಲಿಕುರ್ಚಿಯಲ್ಲಿ ಕೂತರೆ ಒಂದೇ ಮಗ್ಗುಲಿಗೆ ಜಾರುತ್ತಿದ್ದಳು. ೧೯೭೪ರಲ್ಲಿ ಡಾಕ್ಟರೊಬ್ಬರು ಆ ಬೆನ್ನಿಗೆ ಹಸಿ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದು, ಅದರಂತೆಯೇ ಕಟ್ಟಿಗೆಯ ಆಸನ ಕೆತ್ತಿಸಿಕೊಳ್ಳಲು ಹೇಳಿದರು.

ತಿಂಗಳ ಮೇಲೆ ಬಡಿಗ ಮೌನಪ್ಪ ಆಸನ ತಂದ. ಒರಗಿದ್ದೇ ತಡ, ಹಲಗೆ ಪಕ್ಕೆಲುಬಿಗೆ ಒತ್ತಿ ಆಕೆಗೆ ಉಸಿರು ಕಟ್ಟಿತು. ಅಚ್ಚಿನಲ್ಲಿದ್ದ ತಗ್ಗು ಆಸನದಲ್ಲಿರಲಿಲ್ಲ.

“ಅಚ್ಚು ಸೊಟ್ಟ ಇತ್ರಿ ಬಾಯಾರ, ಪಟ್ಟಿ ಹಿಡದು ತಿದ್ದೇನಿ. ನನ್ನ ಕೈಯಾಗಿಂದ ಸೊಟ್ಟ ಸಾಮಾನು ಇವತ್ತಿಗೂ ಹೊರಗ ಹೋಗಿಲ್ರಿ” ಎಂದು ಮೌನಪ್ಪ ಎದೆಯುಬ್ಬಿಸಿದ.

ಯಮುನಾಬಾಯಿ ಆಸನವನ್ನು ಅವನತ್ತ ತಳ್ಳಿದಳು.

“ಆಸನ ಭಾಳ ನೆಟ್ಟಗ ಅದ, ಮೌನಪ್ಪಾ. ಈಗ ಹೋಗಿ ಇದಕ್ಕ ಹೊಂದೂವಂಥಾ ಬೆನ್ನೊಂದು ಕೆತ್ತಿಕೊಂಡು ಬಾ.”