ಚಂದ್ರನ ಮಣ್ಣು ಸೋಸಿದ ಅತ್ತಿ

ಅತ್ತಿಯ ಬಲಗೈ ಹೆಬ್ಬೆರಳು ಹುಣಸೆಬೀಜದಂತೆ ನುಣುಪಾಗಿತ್ತು. ಶಹಾಪುರದ ಕಡೆ ಕೆನಾಲ್ ಕೆಲಸ ಶುರುವಾದಾಗಿನಿಂದ ಮರಳು ಸೋಸಿ, ಒಂದು ಚಿಟಿಕೆ ಬೆರಳಲ್ಲಿ ತಿಕ್ಕಿ, "ಇದು ನಡೀತದ, ಇದು ನಡ್ಯಂಗಿಲ್ಲ" ಎಂದು ಹೇಳಿ ಹೇಳಿ ಗೆರೆಗಳೇ ಸವೆದಿದ್ದವು. ಇಂಜಿನಿಯರರೂ ಆಕೆಯ ಮಾತು ಮೀರುತ್ತಿರಲಿಲ್ಲ.

ಅತ್ತೆ ಎಂಬ ಅರ್ಥದಲ್ಲಿ ಅತ್ತಿ ಎನ್ನುತ್ತಿದ್ದರೂ ನನಗೆ ರಕ್ತಸಂಬಂಧವಲ್ಲ, ಓಣಿಯ ಸಂಬಂಧ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವನು ನಾನೇ ಮೊದಲು. ಬಿ.ಎಸ್ಸಿ. ಪಾಸಾದ ದಿನ ನಮ್ಮವ್ವ ಅಳುತ್ತ ಕೂತಳು. ಓಣಿಗೆಲ್ಲ ಸಕ್ಕರೆ ಹಂಚಿದವಳು ಅತ್ತಿ.

ಮುಂದೆ ಒಂದು ಪ್ರಯೋಗಾಲಯದಲ್ಲಿ ಸಹಾಯಕನಾದೆ. ಚಂದ್ರನ ಮೇಲೆ ಓಡಬೇಕಾದ ಗಾಡಿಯ ಗಾಲಿ ಹೂತುಹೋಗುತ್ತದೋ ಇಲ್ಲವೋ ಎಂದು ಮೊದಲು ಇಲ್ಲೇ ನೋಡಬೇಕು; ಅದಕ್ಕೆ ಚಂದ್ರನ ನೆಲದಂಥದೇ ನೆಲ ಮಾಡುವ ಕೆಲಸ. ದೂರದಿಂದ ತರಿಸಿದ ಬೂದುಬಿಳಿ ಕಲ್ಲನ್ನು ಪುಡಿ ಮಾಡಿ ಹಿಟ್ಟಿನಷ್ಟು ಸಣ್ಣಗೆ ಸೋಸಬೇಕಿತ್ತು. "ನಮ್ಮ ಕಡೆ ಹೆಣ್ಮಕ್ಕಳ ಜರಡಿ ಮುಂದ ಮಿಶೀನ್ ಏನ್ರಿ ಸರ್" ಎಂದು ಎದೆಯುಬ್ಬಿಸಿ ಹೇಳಿದವನು ನಾನೇ. ಕಲ್ಲು ಶಹಾಪುರದ ಹತ್ತಿರದ ಕ್ರಷರಿಗೆ ಬಂತು. ಅತ್ತಿ ಐದು ಹೆಂಗಸರನ್ನು ಕಟ್ಟಿಕೊಂಡು ಬಂದಳು.

ಬಂದವಳೇ ಪುಡಿಗೆ ನೀರು ಚಿಮುಕಿಸಲು ಕೊಡ ಎತ್ತಿದಳು. ಕಲ್ಲಿನ ಕೆಲಸದವರ ಪದ್ಧತಿ ಅದು, ಧೂಳು ಎದೆಗೆ ಹೋಗದಿರಲಿ ಅಂತ. ನಾನು ಕೈ ಹಿಡಿದೆ.

"ಬ್ಯಾಡ ಅತ್ತಿ. ನೀರು ಬಿದ್ರ ಸಣ್ಣ ಧೂಳು ಉಂಡಿ ಕಟ್ತದ. ಚಂದ್ರನ ಮ್ಯಾಲ ನೀರಿಲ್ಲ."

"ಅಲ್ಲಿ ಮಂದೀನೂ ಇಲ್ಲಲೋ. ಇಲ್ಲಿ ನಾವು ಆರು ಮಂದಿ ಅದೀವಿ."

ಹೆಂಗಸರು ನಕ್ಕರು. ನಾನೂ ನಕ್ಕೆ, ಆದರೆ ಕೈ ಬಿಡಲಿಲ್ಲ. ಅತ್ತಿ ನನ್ನ ಮುಖ ನೋಡಿ ಕೊಡ ಕೆಳಗಿಟ್ಟಳು. "ಓದಿದಾವ ಹೇಳಾಕತ್ತಾನ, ಸುಮ್ನಿರ್ರಿ" ಎಂದು ಉಳಿದವರನ್ನು ದಪ್ಪ ಜರಡಿಗೆ ಕಳಿಸಿ, ಎಲ್ಲಕ್ಕಿಂತ ಸಣ್ಣ ಜರಡಿಯನ್ನು ತಾನೇ ಹಿಡಿದಳು.

ಎರಡು ಬೇಸಿಗೆ ಆ ಕೆಲಸ ನಡೆಯಿತು. ಆಕೆಯ ಮೂಗಿಗೆ ಸೆರಗು, ನನ್ನ ಮೂಗಿಗೆ ಪ್ರಯೋಗಾಲಯ ಕೊಟ್ಟ ಮಾಸ್ಕು. ಇನ್ನೂ ಆರು ಮಾಸ್ಕು ಕಳಿಸಿ ಎಂದು ಒಂದು ಕಾಗದ ಬರೆದಿದ್ದರೆ ಬರುತ್ತಿದ್ದವು. ಹೊಸ ನೌಕರಿ, ಬಂದ ಕೂಡಲೇ ಕೈಯೊಡ್ಡಿದ ಎಂದಾರು ಅಂತ ಬರೆಯಲಿಲ್ಲ.

ಪರೀಕ್ಷೆಯಲ್ಲಿ ಗಾಲಿ ಹೂತುಹೋಗಲಿಲ್ಲ. ಸಾಹೇಬರು ನನ್ನ ಬೆನ್ನು ತಟ್ಟಿದರು.

ಕೆಲವು ವರ್ಷಕ್ಕೆ ಅತ್ತಿಗೆ ನಾಲ್ಕು ಹೆಜ್ಜೆಗೇ ದಮ್ಮು ಹತ್ತತೊಡಗಿತು. ಯಾದಗಿರಿಗೆ ನಾನೇ ಕರೆದೊಯ್ದೆ. ಡಾಕ್ಟರು ಎದೆಯ ಎಕ್ಸ್‌ರೇ ನೋಡಿ, "ಕಲ್ಲಿನ ಧೂಳು ಕೂತದಬೇ. ಎಲ್ಲಿ ಕೆಲಸ ಮಾಡೀದಿ?" ಎಂದರು.

ಅತ್ತಿ ನನ್ನ ಕಡೆ ನೋಡಲಿಲ್ಲ. "ಕೆನಾಲಿನ್ಯಾಗ್ರಿ."

"ಒಣಾ ಪುಡಿ ಸೋಸೀದೇನು?"

"ಇಲ್ರಿ. ನಾವು ಯಾವತ್ತೂ ನೀರು ಹಾಕಿ ಸೋಸಾವ್ರು."

ಡಾಕ್ಟರು ಬರೆದುಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ. ಅಲ್ಲ ಎನ್ನಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ, "ಮಾರಿ ಯಾಕ ಸಣ್ಣದು ಮಾಡೀದಿ, ಚಾ ಕುಡಿ" ಎಂದಳು. ಮುಂದಿನ ಸುಗ್ಗಿಯೊಳಗೆ ತೀರಿಕೊಂಡಳು. ದವಾಖಾನೆಯ ಚೀಟಿ ನನ್ನ ಬಳಿ ಇದೆ. ಅದರಲ್ಲಿ ಕೆನಾಲ್ ಎಂದೇ ಇದೆ.