ಧಾರೆ ಎರೆಯಲು ಯಾರು ನಿಲ್ಲಬೇಕು?

"ತಾಯಿ ಮುತ್ತೈದೆ ಅಲ್ವಲ್ಲ, ಧಾರೆಗೆ ನೀವೂ ನಿಮ್ಮನೆಯವ್ರೂ ನಿಂತ್ಕಂಬುಡಿ. ಶಾಸ್ತ್ರ ಬುಡಕಾಯ್ತದಾ?"

ಕುಣಿಗಲ್‌ನಿಂದ ಬಂದಿದ್ದ ವರನ ದೊಡ್ಡಪ್ಪ, ನಿಶ್ಚಿತಾರ್ಥದ ಊಟ ಮುಗಿಸಿ ಎಲೆಅಡಿಕೆ ಮೆಲ್ಲುತ್ತಾ ನನ್ನ ಗೆಳತಿ ಶೋಭಾಳ ಸೋದರಮಾವನಿಗೆ ಹೀಗೆಂದರು. ಬಟವಾಡಿಯ ಆ ಬಾಡಿಗೆ ಮನೆಯಲ್ಲಿ ಬಟ್ಟೆ ಹೊಲಿದು ಮಗಳನ್ನು ಎಂ.ಎ. ಓದಿಸಿದ ತಾಯಿ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದರು. ಶೋಭಾಳ ಅಪ್ಪ ತೀರಿಕೊಂಡ ಮೇಲೆ ಆ ಕಡೆ ತಲೆಹಾಕದಿದ್ದ ಮಾವ ಆಗಲೇ ಶಲ್ಯ ಸರಿಮಾಡಿಕೊಂಡು, "ಆಯ್ತು ಬುಡಿ, ನನ್ ಮಗಳಿದ್ದಂಗೆ" ಎಂದರು. ಎಂಜಿನಿಯರ್ ವರ ಸೀಲಿಂಗ್ ಫ್ಯಾನ್ ನೋಡುತ್ತಿದ್ದ.

ಶೋಭಾ ಎದ್ದು ನಿಂತಳೋ, ಕೂತೇ ಇದ್ದಳೋ, ನನ್ನ ನೆನಪನ್ನು ನಾನು ನಂಬಲಾರೆ. ಅವಳ ಮಾತು ಮಾತ್ರ ಮರೆತಿಲ್ಲ: "ಮಾವನಿಗೆ ಸ್ವಂತ ಮಗಳೇ ಇದಾಳಲ್ಲ ದೊಡ್ಡಪ್ಪ, ಅವಳನ್ನೇ ಕರ್ಕೊಂಡ್ ಹೋಗಿ. ನನ್ನನ್ನ ಕೊಡೋದಾದ್ರೆ ನಮ್ಮಮ್ಮನೇ ಕೊಡ್ಬೇಕು."

ಗುಬ್ಬಿಯ ಛತ್ರದಲ್ಲಿ ತಾಯಿಯೇ ಧಾರೆ ಎರೆದರು. ಅಪಶಕುನಕ್ಕೆ ಅಷ್ಟು ಹೆದರಿದ್ದ ದೊಡ್ಡಪ್ಪ ಮೊದಲ ಪಂಕ್ತಿಯಲ್ಲೇ ಕೂತು, ಹೋಳಿಗೆಗೆ ಇನ್ನಷ್ಟು ತುಪ್ಪ ಕೇಳಿದರು.

ಒಬ್ಬ ಹುಡುಗಿಯ ಒಂದು ಮಾತಿಗೆ ಕರಗುವ ಈ ಶಾಸ್ತ್ರಕ್ಕೆ ಹೆದರಿ, ಇನ್ನೆಷ್ಟು ಮದುವೆಗಳಲ್ಲಿ ಎಷ್ಟು ತಾಯಂದಿರು ಕಂಬದ ಹಿಂದೆ ನಿಂತುಬಿಟ್ಟರೋ.